ಹಿಂದಕ್ಕೆ ತುಳಿಯುವ ಸೈಕಲ್

ಬಿಗಿ ಮಾಡಿದ್ದೆನೋ, ಇಲ್ಲವೋ?

ಬಲಗಡೆಯ ನಟ್ಟು ಬಿಗಿ ಮಾಡಿದ್ದು ನೆನಪಿದೆ. ಸ್ಪ್ಯಾನರ್ ಒತ್ತಿದ ಗುರುತು ಅಂಗೈಯಲ್ಲಿ ಇನ್ನೂ ಕೆಂಪಗಿದೆ. ಎಡಗಡೆಯದು? ಅದನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದ್ದು ನೆನಪಿದೆ. ಅದರ ಮೇಲೆ ಕಪ್ಪು ರಬ್ಬರ್ ಟೋಪಿ ಒತ್ತಿದ್ದೂ ನೆನಪಿದೆ. ಬೆರಳಿಗೂ ಟೋಪಿಗೂ ನಡುವೆ ಸ್ಪ್ಯಾನರ್ ಬಂದಿತ್ತೋ ಇಲ್ಲವೋ, ಅದೊಂದು ಮಾತ್ರ ಎಷ್ಟು ತಿಣುಕಿದರೂ ನೆನಪಿಗೆ ಬರುತ್ತಿಲ್ಲ.

ಅವನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ. ಅಕ್ಕನ ಸೈಕಲ್ಲು ಆಗಲೇ ಬೀದಿಯ ತಿರುವು ದಾಟಿ ಹೋಗಿತ್ತು. ಮುಂದಿನ ಚಕ್ರದಲ್ಲಿ ಮೋಟರು, ಚೌಕಟ್ಟಿಗೆ ಕಟ್ಟಿದ ಬ್ಯಾಟರಿ, ಹ್ಯಾಂಡಲ್ಲಿನಿಂದ ಇಳಿದುಬಂದ ಬಣ್ಣಬಣ್ಣದ ವೈರು, ಎಲ್ಲವೂ ಅವನ ಕೈಕೆಲಸವೇ.

ತೊಂದರೆ ಏನೆಂದರೆ, ಅವನ ಅನುಮಾನಗಳಿಗೆ ಮರ್ಯಾದೆ ಇರಲಿಲ್ಲ. ಬೀಗ ಹಾಕಿದ ಮೇಲೆ ಎಳೆದು ನೋಡುವುದು, ಮೆಟ್ಟಿಲಿಳಿದು ಹೋದವನು ವಾಪಸು ಬಂದು ಮತ್ತೆ ಎಳೆದು ನೋಡುವುದು, ಗ್ಯಾಸ್ ಒಲೆಯ ನಾಬನ್ನು ಮುಟ್ಟಿ ಬರುವುದು, ಇದೆಲ್ಲ ಅವನ ದಿನಚರಿ. ತತ್ವಶಾಸ್ತ್ರದಲ್ಲಿ ಪದವಿ ಪಡೆದು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ. ಊರವರ ತಪ್ಪುಗಳನ್ನೆಲ್ಲ ಹೆಕ್ಕಿ ತೆಗೆದ ಮೇಲೂ ಪುಟದ ಸಂಖ್ಯೆ ಸರಿಯಿದೆಯೇ ಎಂದು ಮನೆಗೆ ಬಂದು ಕೊರಗುತ್ತಿದ್ದ. ಹೀಗಿರುವಾಗ ಈ ನಟ್ಟಿನ ಅನುಮಾನವನ್ನು ನಂಬುವುದು ಹೇಗೆ? ಸದಾ ಅನುಮಾನಿಸುವವನಿಗೆ ನಿಜವಾದ ಅನುಮಾನ ಬಂದರೂ ಗುರುತು ಸಿಗುವುದಿಲ್ಲ. ಮಾತು ಸಾಕಷ್ಟು ಆಳವಾಗಿದೆ ಎನ್ನಿಸಿ ಅದನ್ನು ಒಳಗೊಳಗೇ ಮೆಚ್ಚಿಕೊಂಡ. ಅಷ್ಟು ಹೊತ್ತಿಗೆ ಅಕ್ಕ ಇನ್ನೊಂದು ತಿರುವು ದಾಟಿರುತ್ತಾಳೆ ಎಂದು ಆಮೇಲೆ ಹೊಳೆಯಿತು.

ಅಕ್ಕ ಮನೆಮನೆಗೆ ಹೋಗುವ ನರ್ಸು. ಹಾಸಿಗೆ ಹಿಡಿದವರಿಗೆ ಮೈ ಒರೆಸಿ, ಗಾಯಕ್ಕೆ ಕಟ್ಟು ಹಾಕಿ, ಮಾತ್ರೆ ನುಂಗುವವರೆಗೂ ಎದುರಿಗೆ ನಿಂತು, ನುಂಗದವರನ್ನು ಬೈದು ಬರುವುದು ಅವಳ ಕೆಲಸ. ಅವಳ ಪಾಲಿಗೆ ಬಂದದ್ದು ಗುಡ್ಡದ ಮೇಲಿನ ಮನೆಗಳು. ಮೆಟ್ಟಿಲು ಜಾರಿ ಬಿದ್ದು ಮಂಡಿ ಕೆಟ್ಟ ಮೇಲೆ ಏರು ಹತ್ತುವುದು ಕಷ್ಟವಾಗಿತ್ತು. ಅವಳ ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: ಗುಡ್ಡ ಹತ್ತಲು ಆಗದಿದ್ದರೆ ಆ ಮನೆಗಳು ಬೇರೆಯವರಿಗೆ, ಅಕ್ಕ ಆಫೀಸಿನಲ್ಲಿ ಫೋನಿನ ಮುಂದೆ. ಈ ದಿನ ಗುಡ್ಡದ ತುದಿಯ ಮನೆಯಲ್ಲಿ ತಾನೇ ಕಾದಿದ್ದು ನೋಡುತ್ತೇನೆ ಎಂದೂ ಹೇಳಿದ್ದಳು.

"ಫೋನ್ ಹಿಡ್ಕೊಂಡು ಕೂತ್ರೆ ನಾನೇ ಪೇಷೆಂಟ್ ಆಗೋಗ್ತೀನಿ," ಎಂದು ಅಕ್ಕ ಊಟದ ಮುಂದೆ ಕೂತು ಅತ್ತಿದ್ದಳು. ಅವಳು ಅತ್ತದ್ದನ್ನು ಅವನು ಕಂಡಿದ್ದು ಕಡಿಮೆ. ಭಾವ ಹೊಸ ಎಲೆಕ್ಟ್ರಿಕ್ ಸೈಕಲ್ ತರೋಣವೆಂದ. ಆಗ ಇವನ ಬಾಯಿಂದ ಹೊರಬಿತ್ತು: "ನಾನು ಮಾಡ್ತೀನಿ." ಆ ಎರಡು ಪದ ಅವನ ಬಾಯಿಂದ ಒಟ್ಟಿಗೆ ಬಂದದ್ದನ್ನು ಮನೆಯವರು ಮೊದಲ ಬಾರಿಗೆ ಕೇಳಿದ್ದರು. ಭಾವ ತುತ್ತು ನುಂಗುವುದನ್ನೇ ಮರೆತ.

ಆಮೇಲೆ ಪೆಟ್ಟಿಗೆ ಬಂತು. ಹೊಟ್ಟೆಯಲ್ಲಿ ಮೋಟರು ತುಂಬಿದ ಚಕ್ರ, ಇಟ್ಟಿಗೆಯಂಥ ಬ್ಯಾಟರಿ, ಪೆಡಲಿನ ಬುಡಕ್ಕೆ ಕೂರಿಸುವ, ಸುತ್ತಲೂ ಅಯಸ್ಕಾಂತದ ಚುಕ್ಕೆಗಳಿದ್ದ ಪುಟ್ಟ ತಟ್ಟೆ. ಇದಕ್ಕೆ ಸ್ಕೂಟರಿನಂತೆ ತಿರುಚುವ ಹಿಡಿ ಇಲ್ಲ. ಪೆಡಲು ತಿರುಗಿದ್ದನ್ನು ಆ ತಟ್ಟೆ ನೋಡಿ ಹೇಳಿದರೆ ಮಾತ್ರ ಮೋಟರು ಏಳುತ್ತದೆ. ಹಜಾರದಲ್ಲಿ ಹಳೆಯ ಕರಡು ಹಾಳೆ ಹಾಸಿ, ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಬರುವ ರಜೆಗಳನ್ನೆಲ್ಲ ಅದಕ್ಕೇ ಸುರಿದ. ಕೊನೆಗೊಂದು ಸಂಜೆ ಮಂಡಿಯೂರಿ ಕೂತು ಪೆಡಲನ್ನು ಕೈಯಲ್ಲಿ ತಿರುಗಿಸಿದ. ಮುಂದಿನ ಚಕ್ರ ಝುಂ ಎಂದು ಸುತ್ತಿತು. ಭಾವ ಚಪ್ಪಾಳೆ ಹೊಡೆದ, ಅಕ್ಕ ಕಣ್ಣೊರೆಸಿಕೊಂಡಳು. ಹಿಂದಿನ ಚಕ್ರ ಅಲುಗದೆ ನಿಂತಿತ್ತು, ಟಿಕ್ ಟಿಕ್ ಎಂದು ಸಣ್ಣ ಸದ್ದಷ್ಟೇ ಬರುತ್ತಿತ್ತು. ಅವನು ಅದನ್ನು ಗಮನಿಸಿದ. ಗಮನಿಸಿ, ಒಂದು ಚಕ್ರ ಅಬ್ಬರಿಸುವಾಗ ಇನ್ನೊಂದು ಸುಮ್ಮನಿರುವುದರಲ್ಲಿ ಏನೋ ಘನತೆ ಇದೆ ಎಂದುಕೊಂಡ.

ಅಕ್ಕ ಅದನ್ನು ಮೊದಲ ಸಲ ಏರಿ ಹೊರಡಬೇಕಿದ್ದ ಈ ದಿನ ಬೆಳಿಗ್ಗೆ ಮಡ್‌ಗಾರ್ಡಿನ ಕಡ್ಡಿ ಗಲಗಲ ಎನ್ನುತ್ತಿತ್ತು. ಅದನ್ನು ನಟ್ಟಿನ ಕೆಳಗೆ ತೂರಿಸಲು ಮುಂದಿನ ಚಕ್ರದ ಎರಡೂ ನಟ್ಟು ಬಿಚ್ಚಿದ. ಬಲಗಡೆಯದನ್ನು ಮತ್ತೆ ಬಿಗಿ ಮಾಡಿದ. ಎಡಗಡೆಗೆ ಬರುವಷ್ಟರಲ್ಲಿ ಅಕ್ಕ ಚೀಲ ಹೆಗಲಿಗೇರಿಸಿ ಬಂದೇಬಿಟ್ಟಳು.

"ಆಯ್ತೇನೋ? ನನಗೆ ಹೊತ್ತಾಯ್ತು."

"ಆಯ್ತು," ಎಂದ.

ಏನಾಯ್ತು? ಅದೇ ಈಗಿನ ಪ್ರಶ್ನೆ.

ಮಾಮೂಲಿ ಸೈಕಲ್ಲಾದರೆ ನಟ್ಟು ಕೊಂಚ ಸಡಿಲವಿದ್ದರೂ ಚಕ್ರ ಹೇಗೋ ಉರುಳಿಕೊಂಡು ಹೋಗುತ್ತದೆ. ಮೋಟರಿನ ಚಕ್ರ ಹಾಗಲ್ಲ. ಅದು ಮುಂದಕ್ಕೆ ಉರುಳುವಾಗ ಅದರ ಅಚ್ಚು ಹಿಂದಕ್ಕೆ ತಿರುಚಿಕೊಳ್ಳಲು ನೋಡುತ್ತದೆ. ನಟ್ಟು ಹಿಡಿದಿಡದಿದ್ದರೆ ಅಚ್ಚು ಅದನ್ನು ಕಚ್ಚಿಕೊಂಡ ಕವಲಿನ, ಅಂದರೆ ಫೋರ್ಕಿನ, ಬಾಯಿಂದ ಹೊರಗೆ ಜಾರುತ್ತದೆ. ಏರಿನಲ್ಲಿ ಹೇಗೋ ಪಾರಾಗಬಹುದು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಚಕ್ರ ಒಂದು ಕಡೆ, ಅಕ್ಕ ಒಂದು ಕಡೆ. ಇದನ್ನೆಲ್ಲ ಅವನು ಓದಿದ್ದ, ಓದಿ ಅಡಿಗೆರೆಯನ್ನೂ ಎಳೆದಿದ್ದ.

ಫೋನ್ ಮಾಡಲೆಂದು ಹೆಸರು ಒತ್ತಿದ. ಒಂದು ಸಲ ಗುಂಯ್ ಎಂದ ಕೂಡಲೇ ಕತ್ತರಿಸಿದ. ಅಕ್ಕ ಸೈಕಲ್ ಮೇಲಿದ್ದರೂ ಫೋನ್ ಎತ್ತುವವಳು. ಒಂದು ಕೈ ಬಿಡುತ್ತಾಳೆ, ಆ ಕೈ ಬಿಟ್ಟಾಗಲೇ ಚಕ್ರವೂ ಬಿಟ್ಟರೆ? ಲೋಟವನ್ನು ಕಿಟಕಿಯ ಮೇಲಿಟ್ಟು, ಸ್ಪ್ಯಾನರ್ ಹುಡುಕಿ, ಚಪ್ಪಲಿ ಮೆಟ್ಟಿದ.

ಭಾವ ಬಸ್ ಡ್ರೈವರು. ಮಧ್ಯಾಹ್ನದ ಪಾಳಿ ಇದ್ದುದರಿಂದ ಹಜಾರದಲ್ಲಿ ಕಾಲು ಚಾಚಿ ಕೂತಿದ್ದ.

"ಎಲ್ಲಿಗೆ ಸವಾರಿ, ತತ್ವಜ್ಞಾನಿಗಳೇ?"

"ಸ್ವಲ್ಪ ಗಾಳಿಗೆ, ಭಾವ."

"ಸ್ಪ್ಯಾನರ್ ಹಿಡ್ಕೊಂಡು? ಗಾಳಿನೂ ಬಿಗಿ ಮಾಡಿ ಬರ್ತೀಯಾ?"

"ಬರ್ತೀನಿ."

"ಬೀಗ ನಾನು ನೋಡ್ಕೋತೀನಿ ಮಾರಾಯ, ಅರ್ಧ ದಾರಿಯಿಂದ ವಾಪಸ್ ಬರ್ಬೇಡ!"

ಶಾಲೆ ಬಿಟ್ಟ ಮೇಲೆ ಅವನು ಓಡಿದವನಲ್ಲ. ಓಡುವುದು ಯೋಚನೆಗೆ ಅಡ್ಡಿ ಎಂಬುದು ಅವನ ಅಭಿಪ್ರಾಯವಾಗಿತ್ತು. ಬೀದಿಯ ತುದಿ ಮುಟ್ಟುವ ಮೊದಲೇ ಪಕ್ಕೆಯಲ್ಲಿ ಚಳುಕು ಬಂತು, ಚಪ್ಪಲಿಯ ಉಂಗುಷ್ಠ ಕಿತ್ತು ಬಂತು. ಕಿತ್ತ ಚಪ್ಪಲಿಯನ್ನು ಒಂದು ಕೈಯಲ್ಲಿ, ಸ್ಪ್ಯಾನರನ್ನು ಇನ್ನೊಂದು ಕೈಯಲ್ಲಿ ಹಿಡಿದು ಕುಂಟುತ್ತ ಓಡುವವನನ್ನು ಕಂಡು ಜನ ದಾರಿ ಬಿಟ್ಟರು. ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸೊಬ್ಬಳು ಬಗ್ಗಿ ಕೂಗಿದಳು, "ಏನಪ್ಪಾ, ನಲ್ಲಿ ರಿಪೇರಿಯವ್ರಾ? ಹಾಗೇ ನಮ್ಮನೆಗೂ ಬಂದು ಹೋಗಿ, ಸೋರ್ತಾನೇ ಇದೆ!"

"ಅಲ್ಲ ಅಮ್ಮಾ," ಎಂದು ಕೂಗಿ, ಅಷ್ಟಕ್ಕೇ ಉಸಿರು ಕಳೆದುಕೊಂಡ.

ಏರು ಶುರುವಾಗುವಲ್ಲಿ ಅಕ್ಕನ ಮೊದಲ ಮನೆ. ಅಲ್ಲಿ ಗಡಿಯಾರ ರಿಪೇರಿಯ ಅಜ್ಜ ಇದ್ದ. ಕಾಲಿನ ಗಾಯ ಆರದೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಬೀದಿ ಕಾಯುವುದೇ ಅವನ ಈಗಿನ ಉದ್ಯೋಗ. ಕಾಲಿಗೆ ಹೊಸ ಕಟ್ಟು ಬೆಳ್ಳಗೆ ಹೊಳೆಯುತ್ತಿತ್ತು.

"ಅಜ್ಜಾ, ಅಕ್ಕ..."

"ಬಂದ್ಲು, ಕಟ್ಟು ಹಾಕಿದ್ಲು, ಬೈದ್ಲು, ಹೋದ್ಲು. ನೀನೇ ಏನು ಸೈಕಲ್ ಮಾಡಿದೋನು? ಬಾ ಬಾ, ಇಲ್ಲಿ ಬಾ." ಅಜ್ಜ ಕಿಟಕಿಯ ಸರಳಿನ ಆಚೆಯಿಂದ ಕೈ ಚಾಚಿ ಅವನ ತೋಳು ಹಿಡಿದುಕೊಂಡ. "ನಾನೂ ಜೀವಮಾನವಿಡೀ ಚಕ್ರಗಳ ಜೊತೇಲೇ ಇದ್ದೋನು. ಆದ್ರೆ ಹಿಂದಕ್ಕೆ ತುಳಿದ್ರೆ ಮುಂದಕ್ಕೆ ಹೋಗೋ ಸೈಕಲ್ನ ಇವತ್ತೇ ನೋಡಿದ್ದು."

"ಏನಂದ್ರಿ?"

"ಹಿಂದಕ್ಕೆ ಮಾರಾಯ, ಹಿಂದಕ್ಕೆ! ಮುಂದಕ್ಕೆ ತುಳಿದ್ರೆ ಬರೀ ಸೈಕಲ್ಲು, ಏನೂ ಇಲ್ಲ. ಏರು ಬಂತು ಅಂತ ಇಳಿದು ನಿಂತ್ಲು, ನಿನ್ನ ಹೆಸರು ಹೇಳಿ ಏನೋ ಅಂದ್ಲು, ಅದನ್ನ ನಾನು ಹೇಳಲ್ಲ. ಮತ್ತೆ ಹತ್ತೋಕೆ ಅಂತ ಪೆಡಲ್ನ ಕಾಲಲ್ಲಿ ಹಿಂದಕ್ಕೆ ತಿರುಗಿಸಿದ್ಲು ನೋಡು, ಸೈಕಲ್ಲು ಕುದುರೆ ಥರ ಹಾರ್ತು! ಆಮೇಲೆ ಏನು ಕೇಳ್ತೀಯಾ, ಹಿಂದಕ್ಕೆ ತುಳ್ಕೊಂಡು ಹಿಂದಕ್ಕೆ ತುಳ್ಕೊಂಡು, ಮೇಲಕ್ಕೆ ಹೋಗೇಬಿಟ್ಲು. ಹೇಗೋ ಮಾಡಿದೆ ಅದನ್ನ?"

ಹೇಗೆ ಮಾಡಿದ್ದು ಎಂದು ಅವನಿಗೆ ಆ ಕ್ಷಣ ಅರ್ಥವಾಯಿತು. ತಟ್ಟೆಯನ್ನು ಒಳಗಿನ ಮುಖ ಹೊರಗೆ ಮಾಡಿ ಕೂರಿಸಿದ್ದ. ತಲೆಕೆಳಗಾದ ಸೈಕಲ್ಲಿನ ಪೆಡಲನ್ನು ಕೈಯಲ್ಲಿ ತಿರುಗಿಸಿದಾಗ ಅವನು ತಿರುಗಿಸಿದ್ದು ಹಿಂದಕ್ಕೆ. ಅದಕ್ಕೇ ಹಿಂದಿನ ಚಕ್ರ ನಿಂತೇ ಇತ್ತು, ಅದಕ್ಕೇ ಟಿಕ್ ಟಿಕ್. ಅವನು ಘನತೆ ಎಂದುಕೊಂಡದ್ದು ಬರೀ ಬೇವಕೂಫತನವಾಗಿತ್ತು.

ಒಂದು ತಪ್ಪಂತೂ ಸಾಬೀತಾಯಿತು. ಇಷ್ಟು ದೊಡ್ಡದನ್ನು ಮಾಡಿದವನು ನಟ್ಟಿನಲ್ಲಿ ಮಾತ್ರ ಜಾಣನಾಗಿದ್ದಾನೆಯೇ?

"ಅಜ್ಜಾ, ಮುಂದಿನ ಚಕ್ರ ಏನಾದ್ರೂ ಅಲ್ಲಾಡ್ತಿತ್ತಾ?"

ಅಜ್ಜ ಯೋಚಿಸಿದ. "ಅಲ್ಲಾಡಿದ್ದು ನೋಡ್ಲಿಲ್ಲ. ಹೊರಡುವಾಗ ಮಾತ್ರ ಟಕ್ ಟಕ್ ಅಂತಿತ್ತು. ನಾನು ಅವಳ ಮಂಡಿ ಅಂದ್ಕೊಂಡೆ."

ಅವನು ತೋಳು ಬಿಡಿಸಿಕೊಂಡು ಓಡಿದ.

ಗುಡ್ಡದ ರಸ್ತೆ ಹಾವಿನಂತೆ ಸುತ್ತಿಕೊಂಡು ಹೋಗುತ್ತಿತ್ತು. ಒಂದು ಬದಿಯಲ್ಲಿ ಮನೆಗಳ ಗೋಡೆ, ಇನ್ನೊಂದು ಬದಿಯಲ್ಲಿ ಮೊಳಕಾಲೆತ್ತರದ ಕಟ್ಟೆ, ಅದರಾಚೆ ಕೆಳಗಿನ ಮನೆಗಳ ಚಾವಣಿ. ಆ ಕಟ್ಟೆ ಎಷ್ಟು ಗಿಡ್ಡದು ಎಂದು ಅವನು ಈವರೆಗೆ ನೋಡಿರಲಿಲ್ಲ. ಪ್ರತಿ ತಿರುವಿನಲ್ಲೂ ಮೇಲಿನಿಂದ ಅಕ್ಕ ಬರುತ್ತಿದ್ದಾಳೆ ಎನ್ನಿಸುತ್ತಿತ್ತು, ಕಿವಿಗೆ ಟಕ್ ಟಕ್ ಕೇಳಿದಂತಾಗುತ್ತಿತ್ತು. ಅದು ಅವನದೇ ಎದೆ. ಅಕ್ಕ ಕೆಳಗಿಳಿಯಲು ಹೊರಡುವ ಮೊದಲು ತಾನು ಮೇಲೆ ಮುಟ್ಟಬೇಕು, ಇಷ್ಟೇ. ಬಹಳ ವರ್ಷಗಳಲ್ಲಿ ಮೊದಲ ಸಲ ಅವನ ತಲೆಯಲ್ಲಿ ಒಂದೇ ಒಂದು ವಿಚಾರವಿತ್ತು, ಅದಕ್ಕೆ ಅಡಿಟಿಪ್ಪಣಿ ಇರಲಿಲ್ಲ.

ತುದಿಯ ಮನೆ ಒಬ್ಬ ನಿವೃತ್ತ ಟೀಚರಮ್ಮನದು. ಗೇಟಿನ ಮುಂದೆ ಮೇಲ್ವಿಚಾರಕಿಯ ಪುಟ್ಟ ಕಾರು. ಅದರ ಪಕ್ಕದ ಗೋಡೆಗೆ ಒರಗಿ ಅಕ್ಕನ ಸೈಕಲ್ಲು ನಿಂತಿತ್ತು. ಒಳಗಿನಿಂದ ಬಕೆಟ್ಟಿಗೆ ನೀರು ಬೀಳುವ ಸದ್ದು, ಅಕ್ಕನ ದನಿ: "ಕೈ ಎತ್ತಿ ಟೀಚರ್, ಮಕ್ಕಳಿಗೆಲ್ಲ ಕೈ ಎತ್ತಿಸಿದ್ದೀರಿ, ಈಗ ನೀವು ಎತ್ತಿ." ಅವಳು ಇದ್ದಾಳೆ. ಅವನು ಅಲ್ಲೇ ಸೈಕಲ್ಲಿನ ಮುಂದೆ ಮಂಡಿಯೂರಿದ.

ಎಡಗಡೆಯ ರಬ್ಬರ್ ಟೋಪಿ ತೆಗೆದ. ನಟ್ಟನ್ನು ಎರಡು ಬೆರಳಲ್ಲಿ ಹಿಡಿದ. ಅದು ತಿರುಗಿತು.

ನೀರಿನ ಬಾಟಲಿಯ ಮುಚ್ಚಳದಂತೆ ತಿರುಗಿತು. ಅಚ್ಚು ಆಗಲೇ ಕೊಂಚ ಹೊರಳಿ, ಫೋರ್ಕಿನ ಬಾಯಲ್ಲಿ ಹೊಸದಾಗಿ ಲೋಹ ತರಚಿದ ಹೊಳಪು ಕಾಣುತ್ತಿತ್ತು. ಮೋಟರಿನ ವೈರು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು. ಇನ್ನೂ ಒಂದು ಬೆರಳಗಲ ಜಾರಿದ್ದರೆ ಸಾಕಿತ್ತು. ಆ ಹೊತ್ತಿನಲ್ಲೂ ಮನಸ್ಸಿನ ಒಂದು ಮೂಲೆಯಲ್ಲಿ, ನೋಡು, ಈ ಸಲ ನನ್ನ ಅನುಮಾನ ಸರಿಯಾಗಿತ್ತು ಎಂಬ ಸಣ್ಣ ಹೆಮ್ಮೆ ತಲೆಯೆತ್ತಿತು. ತನ್ನ ಮೇಲೆ ತನಗೇ ಅಸಹ್ಯವೆನ್ನಿಸಿತು.

ಅಚ್ಚನ್ನು ಸರಿ ಕೂರಿಸಿ, ಸ್ಪ್ಯಾನರ್ ಹಾಕಿ, ಇಡೀ ಮೈಭಾರ ಹೇರಿ ತಿರುಗಿಸಿದ. ಇನ್ನು ತಿರುಗದು ಎನ್ನಿಸಿದ ಮೇಲೂ ಇನ್ನೊಮ್ಮೆ ಒತ್ತಿದ. ಬಲಗಡೆಯದನ್ನೂ ನೋಡಿದ. ಟೋಪಿ ಒತ್ತುತ್ತಿದ್ದಾಗ ತಲೆಯ ಮೇಲೆ ನೆರಳು ಬಿತ್ತು.

ಮೇಲ್ವಿಚಾರಕಿ. ಕತ್ತಿಗೆ ನೇತುಬಿದ್ದ ಕನ್ನಡಕ, ಬಿಗಿದ ತುಟಿ.

"ಯಾರು ನೀವು?"

"ತಮ್ಮ. ಇವಳ... ಅವರ ತಮ್ಮ."

"ಓ, ಸೈಕಲ್ ಮಾಡಿದವರು. ಯಾಕೆ ರಿಪೇರಿ ಮಾಡ್ತಿದ್ದೀರಿ? ಏನಾಗಿದೆ ಇದಕ್ಕೆ? ಓಡಿಸೋಕೆ ಸುರಕ್ಷಿತವಾಗಿಲ್ವಾ?"

ಹೇಳಬೇಕಾದ್ದು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಗುಡ್ಡದ ಮನೆಗಳು ಹೋದಂತೆಯೇ, ಅಕ್ಕ ಫೋನಿನ ಮುಂದೆ ಕೂತಂತೆಯೇ. ನಟ್ಟು ಈಗ ಭದ್ರವಾಗಿದೆ. ಮೌನ ಎಂದರೆ ಅವನಿಗೆ ಮೊದಲಿನಿಂದಲೂ ಪ್ರೀತಿ. ಅದು ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಮಾತ್ರ ತಿಳಿದಿರಲಿಲ್ಲ. ಆದರೆ ಆ ಹೆಂಗಸಿನ ಕಣ್ಣು ಉತ್ತರವಿಲ್ಲದೆ ಬಿಡುವಂತಿರಲಿಲ್ಲ.

"ಹಾಗೇನಿಲ್ಲ ಮೇಡಂ. ಪೆಡಲಿನ ತಟ್ಟೆ ಉಲ್ಟಾ ಹಾಕ್ಬಿಟ್ಟಿದ್ದೀನಿ. ಹಿಂದಕ್ಕೆ ತುಳಿದ್ರೆ ಮುಂದಕ್ಕೆ ಹೋಗುತ್ತೆ. ಅದನ್ನ ನೋಡೋಕೆ ಬಂದೆ."

ಮೇಲ್ವಿಚಾರಕಿ ಕನ್ನಡಕ ಏರಿಸಿಕೊಂಡು ಅವನ ಬೆವರು, ಬರಿಗಾಲು, ಪಕ್ಕದಲ್ಲಿ ಬಿದ್ದಿದ್ದ ಕಿತ್ತ ಚಪ್ಪಲಿ ಎಲ್ಲವನ್ನೂ ನಿಧಾನವಾಗಿ ನೋಡಿದಳು. ಆಮೇಲೆ ಆ ಬಿಗಿದ ತುಟಿ ಸಡಿಲವಾಯಿತು. ಅವಳು ಎಷ್ಟು ನಕ್ಕಳೆಂದರೆ ಅಕ್ಕ ಕೈಯೊರೆಸಿಕೊಳ್ಳುತ್ತ ಹೊರಗೆ ಬಂದಳು.

"ಅಯ್ಯೋ, ನೀನ್ಯಾಕೋ ಇಲ್ಲಿ? ಭಾವ ಹುಷಾರಾಗಿದ್ದಾರಾ?"

"ಹುಷಾರಾಗಿದ್ದಾರೆ."

"ನಿನ್ನ ತಮ್ಮ ತಪ್ಪೊಪ್ಪಿಕೊಳ್ಳೋಕೆ ಗುಡ್ಡ ಹತ್ತಿ ಬಂದಿದ್ದಾರೆ," ಎಂದಳು ಮೇಲ್ವಿಚಾರಕಿ.

ಅಕ್ಕ ಅವನ ತಲೆಗೆ ಒಂದು ಮೊಟಕಿದಳು. "ಪಂಡಿತ! ಏರಿನ ಬುಡದಲ್ಲಿ ನಿನಗೆ ಎಷ್ಟು ಬೈದೆ ಗೊತ್ತಾ? ಆಮೇಲೆ ನೋಡಿದ್ರೆ ಹಿಂದಕ್ಕೆ ತುಳಿಯೋದ್ರಲ್ಲಿ ಭಾರಾನೇ ಇಲ್ಲ, ಸುಮ್ನೆ ಕಾಲು ಆಡಿಸ್ತಾ ಇದ್ರೆ ಆಯ್ತು. ಮಂಡಿ ಒಂದು ಸಲಾನೂ ಅಯ್ಯೋ ಅನ್ಲಿಲ್ಲ. ಅದನ್ನ ಸರಿ ಮಾಡ್ತೀನಿ ಅಂತ ಮುಟ್ಟಿದ್ಯೋ, ಕೈ ಮುರೀತೀನಿ."

"ಹತ್ತಿ ಬಂದದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ," ಎಂದಳು ಮೇಲ್ವಿಚಾರಕಿ. "ಹಿಂದಕ್ಕೋ ಮುಂದಕ್ಕೋ, ಮೇಲಕ್ಕೆ ಬಂದ್ರೆ ಸಾಕು. ಗುಡ್ಡ ನಿನಗೇ ಇರಲಿ." ಕಾರು ಹತ್ತಿದ ಮೇಲೂ ಅವಳ ಹೆಗಲು ಕುಲುಕುತ್ತಿತ್ತು.

ಅಕ್ಕ ಒಳಗೆ ಹೋಗಿ ಟೀಚರಮ್ಮನ ಕೆಲಸ ಮುಗಿಸಿ, ಚೀಲ ಹಿಡಿದು ಗೇಟಿನ ಹತ್ತಿರ ಬಂದಳು. "ಹೊಸದೇ ತಗೋ, ಮನೇಲಿ ಮಾಡಿದ್ದನ್ನ ನಂಬ್ಕೊಂಡು ಗುಡ್ಡ ಇಳಿಬೇಡ ಅಂತ ಎಲ್ರೂ ಅಂದ್ರು ಕಣೋ," ಎಂದಳು. "ಅವನು ಬೀಗಾನೇ ಮೂರು ಸಲ ಎಳೆದು ನೋಡೋನು, ನನ್ನ ಸೈಕಲ್ ನೋಡದೆ ಬಿಡ್ತಾನಾ ಅಂದೆ."

ಅವನು ಬಗ್ಗಿ ಚಪ್ಪಲಿಯ ಉಂಗುಷ್ಠ ತೂರಿಸತೊಡಗಿದ. ತೂರಿಸುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದ.

"ಬರ್ತೀನೋ, ಹೊತ್ತಾಯ್ತು."

"ಬ್ರೇಕ್ ಮೆಲ್ಲಗೆ ಹಿಡಿ," ಎಂದ. "ಹಿಂದಿನದು ಮೊದ್ಲು."

"ನನಗೇ ಹೇಳ್ಕೊಡ್ತಾನೆ ನೋಡು!" ಅಕ್ಕ ಚೀಲ ಹಾಕಿಕೊಂಡು ಹೊರಟಳು. ಅವಳ ಸೀರೆಯ ಅಂಚು ತಿರುವು ತಿರುವಿನಲ್ಲೂ ಕಂಡು ಮರೆಯಾಗಿ ಕಂಡು ಮರೆಯಾಗಿ, ಕೊನೆಗೆ ಗಡಿಯಾರದ ಅಜ್ಜನ ಮನೆಯ ಮುಂದಿನ ಸಮತಟ್ಟನ್ನು ಮುಟ್ಟುವವರೆಗೆ ಅವನು ಆ ಗಿಡ್ಡ ಕಟ್ಟೆಯ ಬಳಿ ನಿಂತಿದ್ದ. ನಂತರ ಒಂದು ಕಾಲೆಳೆಯುತ್ತ ಇಳಿದ.

ಆ ಸೈಕಲ್ಲು ಬೀದಿಯಲ್ಲಿ ಹೆಸರುವಾಸಿಯಾಯಿತು. ಅಕ್ಕ ಹಿಂದಕ್ಕೆ ತುಳಿಯುತ್ತ ಏರು ಹತ್ತುವುದನ್ನು ನೋಡಲು ಮಕ್ಕಳು ನಿಲ್ಲುತ್ತಿದ್ದರು. ಭಾವ ತನ್ನ ಬಸ್ಸಿನ ಪ್ರಯಾಣಿಕರಿಗೂ ಹೇಳಿದ. "ನಮ್ಮ ಭಾವಮೈದುನನಿಗೆ ಬಸ್ ಕೊಟ್ರೆ ಡಿಪೋದಿಂದ ಹೊರಡೋಕೆ ರಿವರ್ಸ್ ಗೇರ್ ಹಾಕ್ತಾನೆ," ಎಂದು ಊಟಕ್ಕೆ ಕೂತಾಗಲೆಲ್ಲ ಹೇಳಿ ತಾನೇ ನಗುತ್ತಿದ್ದ. ಅವನಿಗೆ ಬೇಸರವಾಗಲಿಲ್ಲ. ಅಷ್ಟೇ ಅಲ್ಲ, ನೆಂಟರು ಬಂದರೆ, ಪ್ರೆಸ್ಸಿನಲ್ಲಿ ಚಹಾದ ಹೊತ್ತಿಗೆ, ಆ ಕಥೆಯನ್ನು ಅವನೇ ಶುರು ಮಾಡುತ್ತಿದ್ದ. ತಲೆಕೆಳಗಾದ ಸೈಕಲ್ಲು, ನಿಂತ ಚಕ್ರದ ಘನತೆ, ನಲ್ಲಿ ರಿಪೇರಿಗೆ ಕರೆದ ಹೆಂಗಸು, ಒಂದನ್ನೂ ಬಿಡುತ್ತಿರಲಿಲ್ಲ. ಮಾತೇ ಆಡದವನು ಇಷ್ಟು ಚೆನ್ನಾಗಿ ಕಥೆ ಹೇಳುತ್ತಾನಲ್ಲ ಎಂದು ಜನ ಬೆರಗಾದರು. ತನ್ನನ್ನು ತಾನು ಗೇಲಿ ಮಾಡಿಕೊಳ್ಳುವವನನ್ನು ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ ಎಂದು ಅವನು ಕಂಡುಕೊಂಡಿದ್ದ.

ಬೆಳಿಗ್ಗೆ ಅಕ್ಕ ಹೊರಡುವ ಮೊದಲು ಸ್ಪ್ಯಾನರ್ ಹಿಡಿದು ಮುಂದಿನ ಚಕ್ರದ ಎದುರು ಕೂರುತ್ತಿದ್ದ. "ಬೀಗದ ಕಾಯಿಲೆ ಸೈಕಲ್ಲಿಗೂ ಅಂಟ್ತು," ಎನ್ನುತ್ತಿದ್ದ ಭಾವ. "ಇರಲಿ ಬಿಡ್ರಿ, ಅದು ಅವನ ಪ್ರೀತಿ," ಎನ್ನುತ್ತಿದ್ದಳು ಅಕ್ಕ.

ತಟ್ಟೆ ಉಲ್ಟಾ ಹಾಕಿದ್ದನ್ನು ಅವನು ಊರಿಗೆಲ್ಲ ಹೇಳಿದ. ಅವಳು ಗುಡ್ಡ ಹತ್ತಿ ಹೋದ ಆ ಬೆಳಿಗ್ಗೆ ಎಡಗಡೆಯ ನಟ್ಟು ಸಡಿಲವಾಗಿತ್ತು ಎಂದು ಅಕ್ಕನಿಗೆ ಅವನು ಯಾವತ್ತೂ ಹೇಳಲಿಲ್ಲ.